ಬೆನ್ನು ನೋವು ಇಟ್ಟುಕೊಂಡು ರೋಲರ್ ಕೋಸ್ಟರ್ ಹತ್ತಿದವರು ಯಾರಾದರೂ ಇದ್ದೀರಾ?

ಸೊಂಟದ ಸಂಗಡ:

ನನಗೆ ನಲವತ್ತೊಂದು ವರ್ಷ. ಎರಡು ವರ್ಷದ ಹಿಂದೆ ನೆಲದ ಮೇಲೆ ಬಿದ್ದಿದ್ದ ಮಗನ ಕಾಲುಚೀಲ ಎತ್ತಲು ಬಗ್ಗಿದವಳು ಮತ್ತೆ ನೆಟ್ಟಗಾಗಲಿಲ್ಲ. ಮೂಟೆಯಲ್ಲ, ತುಂಬಿದ ಬಕೆಟ್ ಅಲ್ಲ, ಒಂದು ಕಾಲುಚೀಲ! ಸ್ಕ್ಯಾನ್ ಮಾಡಿಸಿದಾಗ ಸೊಂಟದ ಕಟ್ಟಕಡೆಯ ಡಿಸ್ಕ್ (ಬೆನ್ನುಮೂಳೆಯ ಮಣಿಗಳ ನಡುವಿನ ಮೆತ್ತೆ), ಅಂದರೆ ಎಲ್5 ಮತ್ತು ಎಸ್1 ಎಂಬ ಮಣಿಗಳ ನಡುವಿನದು, ಹಿಂದಕ್ಕೆ ಉಬ್ಬಿ ಎಡಗಾಲಿನ ನರವನ್ನು ಒತ್ತುತ್ತಿದೆ ಎಂದು ಗೊತ್ತಾಯಿತು. ಶಸ್ತ್ರಚಿಕಿತ್ಸೆಯವರೆಗೆ ಹೋಗಲಿಲ್ಲ. ವ್ಯಾಯಾಮ, ನಡಿಗೆ, ತಾಳ್ಮೆ ಎಂದು ಒಂದು ವರ್ಷ ಕಳೆಯಿತು. ಈಗ ಹೆಚ್ಚುಕಡಿಮೆ ಸರಿಯಿದ್ದೇನೆ. ಬಹಳ ಹೊತ್ತು ಬಗ್ಗಿ ಕೂತರೆ ಮಾತ್ರ ಎಡಗಡೆಯಿಂದ ಮೀನಖಂಡದವರೆಗೆ ಒಂದು ಸಣ್ಣ ಸೆಳೆತ ಇಳಿಯುತ್ತದೆ.

ಮುಂದಿನ ತಿಂಗಳು ಮಕ್ಕಳೊಂದಿಗೆ ಎರಡು ದಿನ ಥೀಮ್ ಪಾರ್ಕಿಗೆ ಹೋಗುವುದೆಂದು ತೀರ್ಮಾನವಾಗಿದೆ. ಮಗಳಿಗೆ ಹನ್ನೆರಡು, ಮಗನಿಗೆ ಎಂಟು. ಮದುವೆಗೆ ಮುಂಚೆ ನಾನು ರೋಲರ್ ಕೋಸ್ಟರ್ ಇಳಿದು ಮತ್ತೆ ಅದೇ ಸಾಲಿಗೆ ಓಡುತ್ತಿದ್ದವಳು. ಈಗ ಎಲ್ಲರ ಬ್ಯಾಗು, ನೀರಿನ ಬಾಟಲಿ, ಕನ್ನಡಕ ಕಾಯುತ್ತ ಬೆಂಚಿನ ಮೇಲೆ ಕೂರುವುದಕ್ಕೆ ನನಗೆ ಇಷ್ಟವಿಲ್ಲ. ಡಾಕ್ಟರನ್ನು ಕೇಳಿದೆ. "ನೋಡಿಕೊಂಡು ಹೋಗಿ" ಎಂದರು. ಏನನ್ನು ನೋಡಿಕೊಳ್ಳಬೇಕು ಎನ್ನುವುದನ್ನು ಹೇಳಲಿಲ್ಲ, ನಾನೂ ಕೇಳಲು ಮರೆತೆ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ನೆಲ ಬಿಡದವನು:

ಎಲ್ಲ ಪಾರ್ಕಿನಲ್ಲೂ ರೈಡ್ ಬಾಗಿಲಲ್ಲೇ ಫಲಕ ಹಾಕಿರುತ್ತಾರೆ: ಹೃದಯ, ಕುತ್ತಿಗೆ, ಬೆನ್ನಿನ ತೊಂದರೆ ಇರುವವರು, ಗರ್ಭಿಣಿಯರು ಹತ್ತಬಾರದು ಎಂದು. ಅದನ್ನು ಓದಿಯೂ ಹತ್ತುವುದೆಂದರೆ ಇರುಳು ಕಂಡ ಬಾವಿಗೆ ಹಗಲು ಬಿದ್ದಂತೆ. ಮಕ್ಕಳನ್ನು ಕಳಿಸಿ, ನೀವು ಫೋಟೋ ತೆಗೆಯಿರಿ.

ಕೊನೆಯ ಸಾಲು:

ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳಬೇಕಿಲ್ಲ. ಫಲಕವನ್ನು ಹಗುರವಾಗಿ ತೆಗೆದುಕೊಳ್ಳಿ ಎಂದು ನಾನೂ ಹೇಳುವುದಿಲ್ಲ. ಆದರೆ ಆ ಫಲಕಕ್ಕೆ ನಿಮ್ಮ ಬೆನ್ನಿನ ವಿಷಯ ಗೊತ್ತಿಲ್ಲ, ನಿಮ್ಮ ಬೆನ್ನಿಗೆ ಆ ರೈಡಿನ ವಿಷಯ ಗೊತ್ತಿಲ್ಲ. ಎರಡನ್ನೂ ತಿಳಿದುಕೊಂಡು ಹೋಗಬೇಕು.

ನಾನು ಇಪ್ಪತ್ತು ವರ್ಷದಿಂದ ಕೋಸ್ಟರ್ ಹುಚ್ಚು ಹತ್ತಿಸಿಕೊಂಡವನು. ಕಳೆದ ಏಳು ವರ್ಷದಿಂದ ಸೊಂಟ ನೋವೂ ಜೊತೆಗಿದೆ. ಇಷ್ಟು ವರ್ಷದಲ್ಲಿ ನನಗೆ ತಿಳಿದದ್ದು ಒಂದೇ: ಎತ್ತರ ನೋಡಿ ರೈಡ್ ಆರಿಸಬೇಡಿ. ಹೊಟ್ಟೆ ಬಾಯಿಗೆ ಬರುವ ದೊಡ್ಡ ರೈಡ್ ಬೆನ್ನಿಗೆ ಬೆಣ್ಣೆಯಂತಿರಬಹುದು. ಚಿಕ್ಕ ಮಕ್ಕಳ ಡ್ರ್ಯಾಗನ್ ರೈಲು ಒಂದೇ ಸುತ್ತಿಗೆ ಸೊಂಟ ಮುರಿಯಬಹುದು. ಭಯ ಬೇರೆ, ಪೆಟ್ಟು ಬೇರೆ.

ಬೆನ್ನಿಗೆ ಕೆಟ್ಟದ್ದು ವೇಗವಲ್ಲ, ವೇಗ ತಟ್ಟನೆ ಬದಲಾಗುವುದು. ಇದಕ್ಕೊಂದು ಹಳೆಯ ಕಥೆಯಿದೆ. 1895ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಫ್ಲಿಪ್ ಫ್ಲ್ಯಾಪ್ ಎಂಬ ರೈಲು ಬಂತು, ಪೂರ್ತಿ ತಲೆಕೆಳಗಾಗಿ ಸುತ್ತುವಂಥದ್ದು. ಅದರ ಸುತ್ತು ಬಳೆಯಂತೆ ಅಚ್ಚುಕಟ್ಟಾದ ವೃತ್ತವಾಗಿತ್ತು. ನೇರ ಹಳಿಯಿಂದ ವೃತ್ತಕ್ಕೆ ಹೊಕ್ಕ ಕ್ಷಣದಲ್ಲೇ ಪೂರ್ತಿ ಒತ್ತಡ ಒಮ್ಮೆಗೇ ಬೀಳುತ್ತಿತ್ತು. ಸುಮಾರು 12 ಜಿ, ಅಂದರೆ ಮೈತೂಕದ ಹನ್ನೆರಡು ಪಟ್ಟು, ಎಂಬ ಲೆಕ್ಕ ಹೇಳುತ್ತಾರೆ. ಜನ ಕುತ್ತಿಗೆ ಹಿಡಿದುಕೊಂಡು ಇಳಿಯುತ್ತಿದ್ದರು. ಆಮೇಲೆ 1976ರಲ್ಲಿ ಆಂಟನ್ ಶ್ವಾರ್ಜ್‌ಕಾಫ್ ಮತ್ತು ವೆರ್ನರ್ ಸ್ಟೆಂಗಲ್ ಕ್ಯಾಲಿಫೋರ್ನಿಯಾದ ರೆವಲ್ಯೂಷನ್ ಎಂಬ ಕೋಸ್ಟರಿಗೆ ನೀರಹನಿಯಂತಹ ಸುತ್ತು ಕೊಟ್ಟರು: ಕೆಳಗೆ ಅಗಲ, ಮೇಲೆ ಇಕ್ಕಟ್ಟು. ಒತ್ತಡ ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ. ಈಗಿನ ಸುತ್ತುಗಳು ಬಹುತೇಕ ಅದೇ ಜಾತಿಯವು. ತಲೆಕೆಳಗಾಗುವುದೇ ಬೆನ್ನಿಗೆ ಅಪಾಯ ಎಂದು ತಿಳಿದವರು ಬಹಳ ಮಂದಿ. ಚೆನ್ನಾಗಿ ಕಟ್ಟಿದ ಸುತ್ತಿನಲ್ಲಿ ನೀವು ಸೀಟಿಗೆ ಅಂಟಿಕೊಂಡೇ ಹೋಗಿ ಬರುತ್ತೀರಿ, ಮಗುವನ್ನು ಜೋಲಿಯಲ್ಲಿ ತೂಗಿದ ಹಾಗೆ.

ಮರದ ಹಳಿಯ ಹಳೆಯ ಕೋಸ್ಟರುಗಳ ಮೇಲೆ ನನಗೆ ತುಂಬ ಪ್ರೀತಿ. ಆದರೆ ಅವನ್ನು ಈಗ ದೂರದಿಂದ ನೋಡಿ ಕಣ್ಣು ತುಂಬಿಸಿಕೊಳ್ಳುತ್ತೇನೆ. ಬಿಸಿಲು, ಮಳೆ, ವರ್ಷಗಟ್ಟಲೆ ಚಕ್ರದ ಹೊಡೆತ ತಿಂದು ಹಳಿ ಏರುಪೇರಾಗಿರುತ್ತದೆ. ಕಚ್ಚಾ ರಸ್ತೆಯಲ್ಲಿ ಸ್ಪ್ರಿಂಗ್ ಇಲ್ಲದ ಗಾಡಿ ಓಡಿದಂತೆ ಗಡಗಡ ಎನ್ನುತ್ತದೆ. ಅದೇ ಮರದ ಚೌಕಟ್ಟು ಉಳಿಸಿಕೊಂಡು ಹಳಿಯನ್ನು ಮಾತ್ರ ಉಕ್ಕಿಗೆ ಬದಲಿಸಿದವೂ ಇವೆ. 2011ರಲ್ಲಿ ಟೆಕ್ಸಾಸಿನ ನ್ಯೂ ಟೆಕ್ಸಾಸ್ ಜೈಂಟ್ ಎಂಬ ಕೋಸ್ಟರಿನಿಂದ ಅದು ಶುರುವಾಯಿತು. ಅವು ನಯವಾಗಿ ಓಡುತ್ತವೆ. ಆದ್ದರಿಂದ ಹೊರಗಿನಿಂದ ಮರ ಕಂಡ ಮಾತ್ರಕ್ಕೆ ಬೇಡ ಎನ್ನಬೇಡಿ.

ಸೀಟಿನ ವಿಚಾರ. ನನ್ನ ಹೆಸರು ನೋಡಿ ಮೋಸ ಹೋಗಬೇಡಿ, ಅದು ಹಳೆಯ ಕಾಲದ್ದು. ರೈಲಿನ ಮುಂಭಾಗ ಆಗಲೇ ಇಳಿಜಾರು ಹಿಡಿದಿರುವಾಗ ಹಿಂದಿನವರನ್ನು ದಿಬ್ಬದ ಮೇಲಿಂದ ಚಾಟಿಯ ತುದಿಯಂತೆ ಎಳೆದುಕೊಂಡು ಹೋಗುತ್ತದೆ. ಸೀಟಿನಿಂದ ಎದ್ದು ಮತ್ತೆ ಧೊಪ್ಪನೆ ಬೀಳುವುದು ಅಲ್ಲೇ ಜಾಸ್ತಿ. ಮಧ್ಯದಲ್ಲಿ ಅದು ಕಡಿಮೆ. ಕಣಿವೆಯ ತಳದಲ್ಲಿ ಮಾತ್ರ ಮಧ್ಯದವರಿಗೆ ಒತ್ತಡ ತುಸು ಹೆಚ್ಚು, ಆದರೆ ಅದು ಪೆಟ್ಟಲ್ಲ, ಒತ್ತು. ಇನ್ನೊಂದು ಸೂಕ್ಷ್ಮ: ಒಂದು ಬೋಗಿಯಲ್ಲಿ ಎರಡು ಸಾಲು ಇದ್ದರೆ, ಒಂದು ಸಾಲು ನೇರವಾಗಿ ಚಕ್ರದ ಅಚ್ಚಿನ ಮೇಲೆ ಕೂತಿರುವುದುಂಟು. ನಿಲ್ದಾಣದಲ್ಲಿ ನಿಂತಾಗ ಒಮ್ಮೆ ಕೆಳಗೆ ಇಣುಕಿ ನೋಡಿ. ಚಕ್ರದ ಮೇಲಿನ ಸಾಲು ಬಿಟ್ಟು ಇನ್ನೊಂದರಲ್ಲಿ ಕೂತರೆ ವ್ಯತ್ಯಾಸ ನಿಮಗೇ ತಿಳಿಯುತ್ತದೆ. ಬಸ್ಸಿನಲ್ಲಿ ಹಿಂದಿನ ಚಕ್ರದ ಮೇಲಿನ ಸೀಟು ಯಾರಿಗೂ ಬೇಡವಲ್ಲ, ಹಾಗೆಯೇ.

ಎಲ್ಲಿಯ ಕಲ್ಲು:

ಹಿಂದಿನ ಸೀಟು ಎಷ್ಟು ಕುಲುಕುತ್ತದೆ ಎನ್ನುವುದಕ್ಕೆ ಒಂದು ತಮಾಷೆಯ ಪುರಾವೆ ಕೊಡುತ್ತೇನೆ. ಅಮೆರಿಕದ ಇಬ್ಬರು ವೈದ್ಯರು ಮೂತ್ರಪಿಂಡದ ಸಿಲಿಕೋನ್ ಮಾದರಿಯೊಳಗೆ ಕಲ್ಲು ಇಟ್ಟುಕೊಂಡು ಡಿಸ್ನಿಯ ಬಿಗ್ ಥಂಡರ್ ಮೌಂಟನ್ ಕೋಸ್ಟರನ್ನು ಮತ್ತೆ ಮತ್ತೆ ಹತ್ತಿದರು. ಮುಂದಿನ ಸೀಟಿನಲ್ಲಿ ಕಲ್ಲು ಜಾರಿದ್ದು ಸುಮಾರು ಶೇಕಡಾ 17, ಹಿಂದಿನ ಸೀಟಿನಲ್ಲಿ ಸುಮಾರು ಶೇಕಡಾ 64. 2016ರಲ್ಲಿ ಪ್ರಕಟವಾಯಿತು, 2018ರಲ್ಲಿ ಇಗ್ನೊಬೆಲ್ (ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ) ಪ್ರಶಸ್ತಿಯೂ ಬಂತು. ನನಗೆ ಕಲ್ಲೂ ಇದೆ, ಬೆನ್ನೂ ನೋಯುತ್ತದೆ. ಎಲ್ಲಿ ಕೂರಬೇಕು ಎನ್ನುವುದೇ ನನ್ನ ಧರ್ಮಸಂಕಟ.

ಬೆನ್ನು ನೋಡುವವಳು:

ನಾನು ಫಿಸಿಯೋಥೆರಪಿಸ್ಟ್. ಪರೀಕ್ಷೆ ಮಾಡದೆ ಯಾರಿಗೂ "ನೀವು ಹೋಗಬಹುದು" ಎನ್ನಲಾರೆ. ಆದರೆ ಡಾಕ್ಟರ ಬಳಿ ಏನು ಕೇಳಬೇಕು ಎಂಬುದನ್ನು ಹೇಳಬಲ್ಲೆ.

ಮೊದಲನೆಯದಾಗಿ, ಬೆನ್ನು ನೋವು ಎಂಬುದು ಒಂದೇ ಕಾಯಿಲೆಯಲ್ಲ. ಮುಂದಕ್ಕೆ ಬಾಗಿದರೆ, ಕೂತರೆ ನೋಯುವ ಬೆನ್ನು ಒಂದು. ನಿಂತರೆ, ನಡೆದರೆ ನೋಯುವ ಬೆನ್ನು ಇನ್ನೊಂದು. ಡಿಸ್ಕ್ ತೊಂದರೆಯವರು ಸಾಮಾನ್ಯವಾಗಿ ಮೊದಲನೆಯ ಗುಂಪು. ವಯಸ್ಸಾದವರಲ್ಲಿ ನರದ ಕಾಲುವೆ ಕಿರಿದಾದರೆ ಎರಡನೆಯ ಗುಂಪು. ಒಬ್ಬರಿಗೆ ಹಿತವಾದದ್ದು ಇನ್ನೊಬ್ಬರಿಗೆ ವಿಷ. ಸ್ವೀಡನ್ನಿನ ಆಲ್ಫ್ ನಾಕೆಮ್ಸನ್ ಎಂಬ ಮೂಳೆತಜ್ಞರು 1960ರ ದಶಕದಲ್ಲಿ ಡಿಸ್ಕಿನೊಳಗೆ ಸೂಜಿ ಇಳಿಸಿ ಒತ್ತಡ ಅಳೆದರು. ನಿಂತಾಗಿನ ಒತ್ತಡವನ್ನು 100 ಎಂದಿಟ್ಟುಕೊಂಡರೆ ಅಂಗಾತ ಮಲಗಿದಾಗ 25, ಮುಂದಕ್ಕೆ ಬಾಗಿ ಕೂತಾಗ 185 ಎಂದು ಅವರ ಲೆಕ್ಕ. ನೆಟ್ಟಗೆ ಕೂತಾಗ ನಿಂತಿದ್ದಕ್ಕಿಂತ ಹೆಚ್ಚೇ ಎಂಬುದು ನಂತರದ ಅಳತೆಗಳಲ್ಲಿ ಅಷ್ಟು ಸ್ಪಷ್ಟವಾಗಲಿಲ್ಲ. ಬಾಗಿ ಕೂತಾಗ ಏರುತ್ತದೆ ಎನ್ನುವುದು ಮಾತ್ರ ಉಳಿದುಕೊಂಡಿದೆ. ಆದ್ದರಿಂದ ಪ್ರಶ್ನೆ ಕೇಳಿದವರಿಗೆ ನನ್ನ ಮಾತು: ನಿಮ್ಮನ್ನು ಗೂನಾಗಿ ಕೂರಿಸುವ ರೈಡ್ ಯಾವುದು, ಬೆನ್ನಿಗೆ ಎತ್ತರದ ಆಸರೆ ಕೊಡುವ ರೈಡ್ ಯಾವುದು, ಅದನ್ನು ಮೊದಲು ನೋಡಿ.

ಎರಡನೆಯದು ಕಂಪನ. ಕೂತ ಮನುಷ್ಯನ ಬೆನ್ನುಮೂಳೆ ಮೇಲೆ ಕೆಳಗೆ ಸೆಕೆಂಡಿಗೆ ಸುಮಾರು 4ರಿಂದ 6 ಬಾರಿ ಅಲುಗಿದರೆ ಅತಿ ಹೆಚ್ಚು ಸ್ಪಂದಿಸುತ್ತದೆ. ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ನೂಕಿದರೆ ಏರುತ್ತ ಹೋಗುತ್ತದಲ್ಲ, ಅದೇ ತತ್ವ. ಟ್ರ್ಯಾಕ್ಟರ್, ಲಾರಿ ಓಡಿಸುವವರ ಸೊಂಟ ಹಾಳಾಗುವುದಕ್ಕೆ ಇದೂ ಒಂದು ಕಾರಣ. ರೈಡ್ ಎರಡು ನಿಮಿಷದ್ದು, ಲಾರಿ ಎಂಟು ಗಂಟೆಯದು, ನಿಜ. ಆದರೂ ಈಗಾಗಲೇ ಕೆರಳಿರುವ ಡಿಸ್ಕಿಗೆ ಎರಡು ನಿಮಿಷವೂ ಸಾಕು.

ಯಾರು ಖಂಡಿತ ಹತ್ತಬಾರದು ಎಂದರೆ: ಮೂಳೆ ಟೊಳ್ಳಾಗುವ ಆಸ್ಟಿಯೋಪೊರೋಸಿಸ್ ಇರುವವರು (ಕಶೇರುಮೂಳೆ, ಅಂದರೆ ಬೆನ್ನಿನ ಮಣಿ, ಕುಸಿಯಬಹುದು), ಈಚೆಗೆ ಬೆನ್ನಿನ ಶಸ್ತ್ರಚಿಕಿತ್ಸೆ ಆದವರು, ಒಂದು ಕಶೇರು ಇನ್ನೊಂದರ ಮೇಲಿಂದ ಜಾರಿರುವವರು, ಈಗ ಕಾಲಿಗೆ ಜೋಮು ಅಥವಾ ಶಕ್ತಿಹೀನತೆ ಇರುವವರು. ಪಾರ್ಕಿಗೆ ಹೋಗಿ ಬಂದ ಮೇಲೆ ಜನನಾಂಗ ಮತ್ತು ಗುದದ ಸುತ್ತ, ಸೈಕಲ್ ಸೀಟು ತಾಗುವ ಜಾಗದಲ್ಲಿ, ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ಪಾದ ಎತ್ತಲಾಗದಿದ್ದರೆ, ಬೆಳಗಾಗಲಿ ಎಂದು ಕಾಯಬೇಡಿ. ಆಗಲೇ ಆಸ್ಪತ್ರೆಗೆ ಹೋಗಿ.

ಸೊಂಟದ ಸಂಗಡ:

ಇಷ್ಟೊಂದು ಬರೆದದ್ದಕ್ಕೆ ಧನ್ಯವಾದ. ಜೋಮು ಇಲ್ಲ, ಶಕ್ತಿ ಸರಿಯಿದೆ. ಎರಡು ಪ್ರಶ್ನೆ: ಬೆಳಿಗ್ಗೆಯೇ ಒಂದು ನೋವಿನ ಮಾತ್ರೆ ನುಂಗಿ ಹೋಗಬಹುದೇ? ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಕೂರಬಹುದೇ?

ನಾಲ್ಕು ತಿರುಪು:

ಮಾತ್ರೆ ಬೇಡ. ನಾನು ಅದನ್ನು ಮಾಡಿ ಕೆಟ್ಟಿದ್ದೇನೆ. ಶಸ್ತ್ರಚಿಕಿತ್ಸೆಗೆ ಮುಂಚಿನ ಮಾತು. ಎರಡು ಮಾತ್ರೆ ನುಂಗಿ ಬೆಳಗಿನಿಂದ ಸಂಜೆಯವರೆಗೆ ಹನ್ನೊಂದು ರೈಡ್ ಹತ್ತಿದೆ, ಏನೂ ಆಗಲಿಲ್ಲ ಎಂದು ಬೀಗಿದೆ. ಆಗಿತ್ತು, ನನಗೆ ತಿಳಿದಿರಲಿಲ್ಲ ಅಷ್ಟೇ. ರಾತ್ರಿ ಮಾತ್ರೆಯ ಅಮಲು ಇಳಿದಾಗ ಹಾಸಿಗೆಯಿಂದ ಬಚ್ಚಲಿಗೆ ಹೋಗಲು ಗೋಡೆ ಹಿಡಿದು ಹತ್ತು ನಿಮಿಷ ಬೇಕಾಯಿತು. ಮೂರನೇ ರೈಡಿನಲ್ಲೇ ಬೆನ್ನು "ಸಾಕು" ಎಂದಿರಬೇಕು, ನಾನು ಅದರ ಬಾಯಿ ಮುಚ್ಚಿಸಿದ್ದೆ.

ಈಗ ನನ್ನ ಸೊಂಟದಲ್ಲಿ ನಾಲ್ಕು ತಿರುಪು, ಎರಡು ಸರಳು. ಎರಡು ಕಶೇರು ಬೆಸೆದಿದ್ದಾರೆ. ಶಸ್ತ್ರವೈದ್ಯರು ಮೊದಲ ವರ್ಷ ಪೂರ್ತಿ ಬೇಡವೆಂದರು. ಆಮೇಲೂ, ಬೆಸೆದ ಜಾಗ ಅಲುಗುವುದಿಲ್ಲವಾದ್ದರಿಂದ ಅದರ ಮೇಲಿನ, ಕೆಳಗಿನ ಕೀಲು ಹೆಚ್ಚು ದುಡಿಯುತ್ತವೆ, ಹೊಡೆತದ ರೈಡ್ ಎಂದೂ ಬೇಡ ಎಂದರು. ಜೈಂಟ್ ವೀಲ್, ಕತ್ತಲೆಯೊಳಗೆ ದೋಣಿಯಲ್ಲಿ ಸಾಗುವ ರೈಡ್, ತಿರುಗುವ ಕುದುರೆ, ಇವು ನನ್ನ ಪಾಲಿಗೆ ಉಳಿದಿವೆ. ಕುದುರೆಯಲ್ಲೂ ನಾನು ಮೇಲೆ ಕೆಳಗೆ ಹೋಗದ ರಥದಲ್ಲಿ ಕೂರುತ್ತೇನೆ. ನಗಬೇಡಿ.

ಬೆನ್ನು ನೋಡುವವಳು:

ಮೇಲಿನವರು ಹೇಳಿದ್ದು ಸರಿ. ವೈದ್ಯರು ನಿತ್ಯ ತೆಗೆದುಕೊಳ್ಳಿ ಎಂದು ಬರೆದುಕೊಟ್ಟ ಮಾತ್ರೆಯಿದ್ದರೆ ಅದನ್ನು ಬಿಡಬೇಡಿ. ರೈಡಿಗೋಸ್ಕರ ಹೆಚ್ಚುವರಿ ಮಾತ್ರೆ ಮಾತ್ರ ಬೇಡ. ಸ್ನಾಯು ಸಡಿಲಿಸುವ ಮಾತ್ರೆ ಅಂತೂ ಬೇಡವೇ ಬೇಡ. ನಿದ್ದೆ ಬರುತ್ತದೆ, ಕುತ್ತಿಗೆ ಹಿಡಿದಿಡುವ ಶಕ್ತಿ ತಗ್ಗುತ್ತದೆ. ಪಟ್ಟಿಯನ್ನು ನಡೆಯುವಾಗ, ಸಾಲಿನಲ್ಲಿ ನಿಲ್ಲುವಾಗ ಕಟ್ಟಿಕೊಳ್ಳಿ. ಸೀಟಿನಲ್ಲಿ ಕೂರುವ ಮುಂಚೆ ಬಿಚ್ಚಿ. ಕಾರಣವನ್ನು ರೈಡ್ ನಡೆಸುವವರು ಯಾರಾದರೂ ಹೇಳಲಿ.

ಬಾರ್ ಒತ್ತುವವ:

ಹೇಳುತ್ತೇನೆ, ಎಂಟು ವರ್ಷ ಅದೇ ಕೆಲಸ ಮಾಡಿದ್ದೇನೆ. ತೊಡೆಯ ಮೇಲೆ ಬರುವ ಬಾರ್ ಪಟ್ಟಿಗೆ ತಾಗಿ ಅರ್ಧಕ್ಕೇ ನಿಲ್ಲುತ್ತದೆ. ಪಟ್ಟಿಯೊಳಗಿನ ಗಟ್ಟಿ ಕಡ್ಡಿ ಹೊಟ್ಟೆಗೆ ಒತ್ತುತ್ತದೆ. ಬಾರ್ ಸರಿಯಾಗಿ ಕೂರದಿದ್ದರೆ ನಾವು ರೈಲು ಬಿಡುವಂತಿಲ್ಲ.

ನಾನು ಕಂಡ ಬೆನ್ನು ನೋವಿನ ದೂರುಗಳಲ್ಲಿ ಬಹುಪಾಲು ಹುಟ್ಟುವುದು ಹಳಿಯ ಮೇಲಲ್ಲ, ನಿಲ್ದಾಣದಲ್ಲೇ, ಬಾರ್ ಇಳಿಯುವ ಆ ಮೂರು ಸೆಕೆಂಡಿನಲ್ಲಿ. ಅಮ್ಮ ಕೂರುತ್ತಾರೆ. ಪಕ್ಕದ ಮಗುವಿನ ಬೆಲ್ಟ್ ಸರಿಮಾಡಲು ಮುಂದಕ್ಕೆ ಬಗ್ಗಿ ಓರೆಯಾಗುತ್ತಾರೆ. ಅಷ್ಟರಲ್ಲಿ ಬಾರ್ ಕಟ್ ಕಟ್ ಕಟ್ ಎಂದು ಇಳಿದುಬಿಡುತ್ತದೆ. ಅದು ಹಲ್ಲುಚಕ್ರದ ಬೀಗ, ಕೆಳಗೆ ಮಾತ್ರ ಹೋಗುತ್ತದೆ, ಮೇಲೆ ಬರುವುದಿಲ್ಲ. ಸೊಂಟಕ್ಕೂ ಸೀಟಿನ ಬೆನ್ನಿಗೂ ನಡುವೆ ನಾಲ್ಕು ಬೆರಳಿನ ಸಂದು ಉಳಿಯುತ್ತದೆ. ಇನ್ನು ಎರಡು ನಿಮಿಷ ಆ ಸಂದಿನಲ್ಲೇ ಬೆನ್ನು ಹಿಂದೆ ಮುಂದೆ ಬಡಿಯಬೇಕು.

ಹಾಗಾಗಿ ಮೊದಲು ಪೃಷ್ಠವನ್ನು ಸೀಟಿನ ಮೂಲೆಗೆ ತಳ್ಳಿ, ಬೆನ್ನು ಪೂರ್ತಿ ಒರಗಿಸಿ, ತಲೆ ದಿಂಬಿಗೆ ತಾಗಿಸಿ, ಆಮೇಲೆ ಬಾರ್ ಎಳೆಯಿರಿ. ಮಗುವನ್ನು ಸರಿಮಾಡುವುದು ನಮ್ಮ ಕೆಲಸ, ಬಿಡಿ. ಬಾರ್ ತಪ್ಪಾಗಿ ಕೂತರೆ ಕೈ ಎತ್ತಿ. "ಎಲ್ಲರಿಗೂ ತಡವಾಗುತ್ತದೆ" ಎಂದು ಸಂಕೋಚಪಡುವವರೇ ಜಾಸ್ತಿ. ನಮಗೆ ಬೀಗ ಬಿಚ್ಚಿ ಮತ್ತೆ ಹಾಕುವುದು ಅರ್ಧ ನಿಮಿಷದ ಕೆಲಸ.

ಹೊರಗೆ ಪ್ರಯೋಗದ ಸೀಟು ಇಟ್ಟಿದ್ದರೆ ಒಮ್ಮೆ ಕೂತು ನೋಡಿ. ಹತ್ತುವುದಕ್ಕಿಂತ ಏಳುವುದು ಕಷ್ಟ ಎನಿಸಿದರೆ ಆ ರೈಡ್ ನಿಮ್ಮದಲ್ಲ. ಇನ್ನೊಂದು: ರೈಲುಗಳು ಬೆಳಗಿನ ತಂಪಿನಲ್ಲಿ ನಿಧಾನ, ಮಧ್ಯಾಹ್ನ ಚಕ್ರ, ಗ್ರೀಸ್ ಬಿಸಿಯಾದ ಮೇಲೆ ವೇಗ ಹೆಚ್ಚು. ಮೆತ್ತಗಿನ ಸವಾರಿ ಬೇಕಾದವರು ಬೆಳಿಗ್ಗೆಯೇ ಬನ್ನಿ.

ಬೆಳಗಿನ ಬಿಗಿ:

ಇಲ್ಲೊಂದು ತೊಡಕು. ನನಗೆ ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್, ಅಂದರೆ ಬೆನ್ನುಮೂಳೆಯ ಕೀಲುಗಳ ಉರಿಯೂತ, ಇದೆ. ಬೆಳಿಗ್ಗೆ ಎದ್ದರೆ ಬೆನ್ನು ಹಲಗೆಯಂತೆ ಬಿಗಿದಿರುತ್ತದೆ. ಒಂದೆರಡು ಗಂಟೆ ಓಡಾಡಿದ ಮೇಲೆಯೇ ಬಿಡುವುದು. ರೈಲು ಮೆತ್ತಗಿರುವ ಹೊತ್ತಿಗೆ ನಾನು ಗಟ್ಟಿ!

ಬೆನ್ನು ನೋಡುವವಳು:

ನಿಮ್ಮ ಕಾಯಿಲೆಯಲ್ಲಿ ಹೊತ್ತಿನ ಪ್ರಶ್ನೆಗಿಂತ ದೊಡ್ಡದೊಂದಿದೆ. ಮೂಳೆಗಳು ಬೆಸೆದುಕೊಳ್ಳತೊಡಗಿದ್ದರೆ ಬೆನ್ನು ಬಿದಿರಿನ ಕೋಲಿನಂತಾಗುತ್ತದೆ. ಬಾಗುವುದಿಲ್ಲ, ಸಣ್ಣ ಪೆಟ್ಟಿಗೂ ಮುರಿಯಬಹುದು. ಕುಲುಕುವ ಯಾವ ರೈಡಿಗೂ ನಿಮ್ಮ ವೈದ್ಯರು ಎಕ್ಸ್‌ರೇ ನೋಡದೆ ಒಪ್ಪಿಗೆ ಕೊಡಬಾರದು.

ಡಿಸ್ಕ್ ತೊಂದರೆ ಇರುವವರಿಗೂ ಬೆಳಿಗ್ಗೆಯ ಮಾತು ಅನ್ವಯಿಸುತ್ತದೆ. ರಾತ್ರಿ ಮಲಗಿದಾಗ ಡಿಸ್ಕುಗಳು ನೀರು ಹೀರಿ ಉಬ್ಬುತ್ತವೆ. ಬೆಳಿಗ್ಗೆ ನಾವು ಸಂಜೆಗಿಂತ ಒಂದರಿಂದ ಎರಡು ಸೆಂಟಿಮೀಟರ್ ಎತ್ತರ ಇರುವುದು ಇದರಿಂದಲೇ. ಹಾಗೆ ಉಬ್ಬಿದ ಡಿಸ್ಕಿಗೆ ಬಾಗುವುದು ಕಷ್ಟ. ಎದ್ದ ಮೊದಲ ಒಂದು ಗಂಟೆ ಬಗ್ಗುವ ಕೆಲಸ ಬೇಡ ಎನ್ನುವುದು ಅದಕ್ಕೇ. ಪಾರ್ಕ್ ತಲುಪುವ ಹೊತ್ತಿಗೆ ಎದ್ದು ಎರಡು ಗಂಟೆ ಆಗಿರಲಿ, ಸ್ವಲ್ಪ ನಡೆದಿರಿ. ಸಾಕು.

ನಿವೃತ್ತ ಅಜ್ಜ:

ನನಗೆ ಎಪ್ಪತ್ತು ದಾಟಿದೆ. ಮೇಲೆ ಫಿಸಿಯೋ ಮೇಡಂ ಹೇಳಿದ ನರದ ಕಾಲುವೆ ಕಿರಿದಾದ ಗುಂಪು ನನ್ನದು. ಎಲ್ಲರೂ ರೈಡಿನ ಮಾತೇ ಆಡುತ್ತಿದ್ದೀರಿ. ನನಗೆ ಪಾರ್ಕಿನಲ್ಲಿ ಕಾಟ ಕೊಡುವುದು ಸಾಲು. ಕಾಂಕ್ರೀಟಿನ ಮೇಲೆ ಇಪ್ಪತ್ತು ನಿಮಿಷ ನಿಂತರೆ ಎರಡೂ ಕಾಲು ಸೀಸದಂತೆ ಭಾರವಾಗುತ್ತವೆ. ಕೂತ ಕೂಡಲೇ ಹಗುರ. ಮುಂದಕ್ಕೆ ಬಾಗಿದರೂ ಹಗುರ. ಇದನ್ನು ಕಂಡುಕೊಂಡದ್ದು ಮೊಮ್ಮಗುವಿನ ತಳ್ಳುಗಾಡಿಯಿಂದ. ಅದರ ಹಿಡಿಕೆಯ ಮೇಲೆ ಮೊಳಕೈ ಊರಿ ನಡೆದರೆ ಇಡೀ ಪಾರ್ಕ್ ಸುತ್ತುತ್ತೇನೆ. ಮಗು ಈಗ ಓಡುತ್ತದೆ, ಗಾಡಿ ಮಾತ್ರ ನನಗಾಗಿ ಬರುತ್ತದೆ. ಅದರಲ್ಲಿ ಬ್ಯಾಗು ಸವಾರಿ ಮಾಡುತ್ತವೆ.

ದೊಡ್ಡ ಪಾರ್ಕುಗಳಲ್ಲಿ ಅತಿಥಿ ಸೇವೆಯ ಕಚೇರಿ ಇರುತ್ತದೆ. ನಿಲ್ಲಲಾಗದವರಿಗೆ ಏನು ವ್ಯವಸ್ಥೆ ಎಂದು ಒಳಗೆ ಹೊಕ್ಕ ಕೂಡಲೇ ಕೇಳಿ. ಕೆಲವು ಕಡೆ ಸಮಯ ಬರೆದ ಚೀಟಿ ಕೊಡುತ್ತಾರೆ, ಆ ಹೊತ್ತಿಗೆ ಬಂದರಾಯಿತು. ಗಾಲಿಕುರ್ಚಿ ಬಾಡಿಗೆಗೂ ಸಿಗುತ್ತದೆ. ಅದರಲ್ಲಿ ಕೂರಲು ನನಗೆ ಮೊದಲ ಸಲ ನಾಚಿಕೆಯಾಯಿತು. ಎರಡನೇ ಸಲ ಆಗಲಿಲ್ಲ.

ನೀರಾಟ:

ನೀರಿನ ಜಾರುಬಂಡಿಗಳ ಬಗ್ಗೆ ಯಾರೂ ಹೇಳಲಿಲ್ಲ. "ನೀರಲ್ಲವೇ, ಮೆತ್ತಗಿರುತ್ತದೆ" ಎಂದು ತಿಳಿದು ನಾನು ಮೋಸ ಹೋದೆ. ಟ್ಯೂಬ್ ಇಲ್ಲದೆ ಅಂಗಾತ ಜಾರುವ ಕೊಳವೆಗಳಲ್ಲಿ ಫೈಬರ್ ತುಂಡುಗಳನ್ನು ಜೋಡಿಸಿದ ಕಡೆ ಸಣ್ಣ ಏಣು ಇರುತ್ತದೆ. ಬೆನ್ನುಮೂಳೆಯ ಪ್ರತಿ ಮಣಿಯೂ ಪ್ರತಿ ಏಣನ್ನೂ ಎಣಿಸುತ್ತ ಇಳಿಯುತ್ತದೆ. ಗಾಳಿ ತುಂಬಿದ ಟ್ಯೂಬಿನಲ್ಲಿ ಕೂತು ಇಳಿಯುವುದು ಅದಕ್ಕಿಂತ ಎಷ್ಟೋ ಪಾಲು ವಾಸಿ, ಆದರೆ ಟ್ಯೂಬಿನಲ್ಲಿ ಗೂನಾಗಿಯೇ ಕೂರಬೇಕು. ಡಿಸ್ಕಿನವರು ಒಂದೇ ಸಲ ಹೋಗಿ. ದಿನದ ಕೊನೆಗೆ ನಿಧಾನವಾಗಿ ಸುತ್ತುವ ಕಾಲುವೆಯಲ್ಲಿ ತೇಲುತ್ತಾ ಮಲಗಿದರೆ ಬೆನ್ನಿಗೆ ಅದಕ್ಕಿಂತ ದೊಡ್ಡ ವರವಿಲ್ಲ.

ಗಾಳಿಗುದುರೆ:

ಮೈ ಸಡಿಲ ಬಿಡಬೇಕು, ಬಿಗಿ ಹಿಡಿದರೇ ಪೆಟ್ಟಾಗುವುದು. ನಾನು ಚಿಂದಿ ಗೊಂಬೆಯಂತೆ ಕೂರುತ್ತೇನೆ.

ಕೊನೆಯ ಸಾಲು:

ಒಪ್ಪುವುದಿಲ್ಲ. ಗೊಂಬೆಯಂತೆ ಕೂತರೆ ತಲೆ ಬಾರಿಗೆ ಬಡಿಯುತ್ತದೆ. ಕಲ್ಲಿನಂತೆ ಕೂತರೆ ಪ್ರತಿ ಕುಲುಕೂ ಮೂಳೆಗೆ ಹೋಗುತ್ತದೆ. ನಡುವಿನದು ಬೇಕು. ಪಾದ ನೆಲಕ್ಕೆ ಊರಿರಲಿ, ಕೈ ಹಿಡಿಯಲ್ಲಿರಲಿ, ಹೊಟ್ಟೆ ತುಸು ಬಿಗಿಯಿರಲಿ, ಉಸಿರು ಕಟ್ಟಬೇಡಿ. ಎಲ್ಲಕ್ಕಿಂತ ಮುಖ್ಯ, ಕಣ್ಣು ತೆರೆದಿರಲಿ. ತಿರುವು ಮೊದಲೇ ಕಂಡರೆ ಮೈ ತಾನಾಗಿ ಸಿದ್ಧವಾಗುತ್ತದೆ. ಕತ್ತಲೆಯೊಳಗೆ ಓಡುವ ಕೋಸ್ಟರ್ ನನಗೆ ಈಗ ಆಗದಿರುವುದು ಇದಕ್ಕೇ. ಡ್ಯಾಶಿಂಗ್ ಕಾರಿನಲ್ಲೂ ಇದೇ ಸಮಸ್ಯೆ. ಹಿಂದಿನಿಂದ ಯಾರು ಗುದ್ದುತ್ತಾರೆ ಗೊತ್ತಾಗುವುದಿಲ್ಲ. ಸೀಟು ತಗ್ಗು, ತಲೆಗೆ ಆಸರೆಯಿಲ್ಲ. ಇಡೀ ಪಾರ್ಕಿನಲ್ಲಿ ನಾನು ಎಲ್ಲಕ್ಕಿಂತ ದೂರ ಇರುವ ಜಾಗ ಅದೇ.

ಬ್ರೇಕ್ ಬೀಳುವ ಜಾಗದಲ್ಲೂ ಎಚ್ಚರ. ಮುಗಿಯಿತು ಎಂದು ನಗುತ್ತಾ ಪಕ್ಕಕ್ಕೆ ತಿರುಗಿರುತ್ತೀರಿ, ಆಗ ರೈಲು ತಟ್ಟನೆ ಹಿಡಿದು ನಿಲ್ಲುತ್ತದೆ. ಪೂರ್ತಿ ನಿಲ್ಲುವವರೆಗೆ ಬೆನ್ನು ಒರಗಿಸಿಕೊಂಡೇ ಇರಿ.

ಸೊಂಟದ ಸಂಗಡ:

ಹೋಗಿ ಬಂದೆವು. ಬಂದು ಐದು ದಿನವಾಯಿತು. ಬೇಕೆಂದೇ ತಡವಾಗಿ ಬರೆಯುತ್ತಿದ್ದೇನೆ, ನೋವು ಮಾರನೇ ದಿನ ಬರಬಹುದು ಎಂದು ಕಾಯುತ್ತಿದ್ದೆ.

ಹೋಗುವ ಮುಂಚೆ ಡಾಕ್ಟರ ಬಳಿ ಮತ್ತೆ ಹೋದೆ. ಈ ಸಲ ಪ್ರಶ್ನೆಗಳ ಪಟ್ಟಿ ಮಾಡಿಕೊಂಡು ಹೋಗಿದ್ದೆ. ಬಾಗುವುದು, ತಿರುಚುವುದು, ಮೇಲಿಂದ ಧೊಪ್ಪನೆ ಬೀಳುವುದು, ಇವುಗಳಲ್ಲಿ ಯಾವುದು ನನಗೆ ಆಗದು ಎಂದು ಕೇಳಿದೆ. ಬಾಗಿ ತಿರುಚುವುದು ಎರಡೂ ಒಟ್ಟಿಗೆ ಬೇಡ, ಡ್ರಾಪ್ ಟವರ್ ಬೇಡ, ನಯವಾದದ್ದು ಒಂದೆರಡು ಪರವಾಗಿಲ್ಲ ಎಂದರು. ಈ ಸಲ ಐದು ನಿಮಿಷ ಮಾತನಾಡಿದರು.

ಮೊದಲ ದಿನ ಬೆಳಿಗ್ಗೆ ದೊಡ್ಡ ಉಕ್ಕಿನ ಕೋಸ್ಟರಿನ ಕೆಳಗೆ ನಿಂತು ಹತ್ತು ನಿಮಿಷ ನೋಡಿದೆ. ರೈಲನ್ನಲ್ಲ, ಇಳಿದು ಬರುವವರನ್ನು. ಯಾರೂ ಕುತ್ತಿಗೆ ಉಜ್ಜಿಕೊಳ್ಳುತ್ತಿರಲಿಲ್ಲ. ಇನ್ನೊಂದು ಹಳೆಯ ರೈಡಿನಿಂದ ಇಳಿದವರಲ್ಲಿ ಮೂವರಲ್ಲಿ ಒಬ್ಬರ ಕೈ ಕುತ್ತಿಗೆಯ ಮೇಲಿತ್ತು. ನನಗೆ ಅಷ್ಟೇ ಸಾಕಾಯಿತು. ಮೂರನೇ ಸಾಲು ಕೇಳಿಕೊಂಡು ಕೂತೆ, ಮೂಲೆಗೆ ತಳ್ಳಿಕೊಂಡು ಒರಗಿದೆ. ಏರುವಾಗ ಸರಪಳಿಯ ಸದ್ದಿಗೆ ಅಂಗೈ ಬೆವರಿತು. ತುದಿಯಲ್ಲಿ ಒಂದು ಗಳಿಗೆ ಎಲ್ಲವೂ ನಿಂತಂತಾಯಿತು. ಆಮೇಲೆ ನಾನು ಕಿರುಚಿದ್ದನ್ನು ಮಗಳು ಈಗಲೂ ಎಲ್ಲರ ಮುಂದೆ ನಟಿಸಿ ತೋರಿಸುತ್ತಿದ್ದಾಳೆ. ಸೊಂಟಕ್ಕೆ ಏನೂ ಆಗಲಿಲ್ಲ. ಮಧ್ಯಾಹ್ನ ಹುಲ್ಲಿನ ಮೇಲೆ ಕಾಲು ಬೆಂಚಿಗೇರಿಸಿ ಕಾಲು ಗಂಟೆ ಅಂಗಾತ ಮಲಗಿದೆ. ದಾರಿಹೋಕರು ನೋಡಿದರು, ನೋಡಲಿ. ಸಂಜೆ ಕೊಲಂಬಸ್ ಹಡಗಿನಲ್ಲಿ ಮಧ್ಯದ ಬೆಂಚಿನಲ್ಲಿ ಕೂತೆ. ತುದಿಯವರು ಮೇಲೆ ಹಾರುತ್ತಿದ್ದರೆ ನನಗೆ ತೊಟ್ಟಿಲು ತೂಗಿದಂತಿತ್ತು.

ಎರಡನೇ ದಿನ ತಪ್ಪು ಮಾಡಿದೆ. ಮಗ ಡ್ಯಾಶಿಂಗ್ ಕಾರಿನ ಮುಂದೆ ನಿಂತು ನನ್ನನ್ನೇ ನೋಡಿದ. ಆ ಮುಖಕ್ಕೆ ಬೇಡ ಎನ್ನಲಾಗಲಿಲ್ಲ. ಅವನ ಬೆಲ್ಟ್ ಹಾಕಲು ಓರೆಯಾಗಿ ಬಗ್ಗಿದ್ದಾಗಲೇ ಕಾರುಗಳು ಹೊರಟವು. ಇನ್ನೂ ನೆಟ್ಟಗಾಗಿರಲಿಲ್ಲ, ಹಿಂದಿನಿಂದ ಒಂದು ಗುದ್ದು ಬಿತ್ತು. ಗುದ್ದಿದವಳು ನನ್ನ ಮಗಳೇ. ಕೂಡಲೇ ಸೊಂಟದ ಎಡಗಡೆ ಕಾದ ತಂತಿ ಎಳೆದಂತಾಯಿತು. ಉಳಿದ ಹೊತ್ತೆಲ್ಲ ಸ್ಟೀರಿಂಗ್ ತಿರುಗಿಸದೆ ಮೂಲೆಯಲ್ಲಿ ನಿಂತಿದ್ದೆ. ಆಮೇಲೆ ಆ ದಿನ ಯಾವ ರೈಡೂ ಇಲ್ಲ.

ಬೆನ್ನು ನೋಡುವವಳು:

ಕಾಲಿಗೆ ಇಳಿಯಿತೇ?

ಸೊಂಟದ ಸಂಗಡ:

ಇಲ್ಲ. ಸೊಂಟದಲ್ಲೇ ಉಳಿಯಿತು. ಎರಡು ದಿನ ಬಿಗಿಯಿತ್ತು, ನಡೆದಾಡುತ್ತಾ ಬಿಟ್ಟಿತು. ಇವತ್ತು ಮಾಮೂಲಿನಂತಿದ್ದೇನೆ. ಮಾತ್ರೆ ತೆಗೆದುಕೊಂಡಿರಲಿಲ್ಲ, ಹಾಗಾಗಿ ಎಲ್ಲಿ ನಿಲ್ಲಿಸಬೇಕೆಂದು ಗೊತ್ತಾಯಿತು.

ಕೊನೆಯ ಸಾಲು:

ನೂರಾರು ಅಡಿ ಎತ್ತರದಿಂದ ಬಿದ್ದಾಗ ಏನೂ ಆಗಲಿಲ್ಲ, ನಡೆಯುವ ವೇಗದ ಕಾರು ಸೊಂಟ ಹಿಡಿಯಿತು. ಡ್ಯಾಶಿಂಗ್ ಕಾರಿನ ಬಗ್ಗೆ ಮೇಲೆ ಬರೆದಿದ್ದೆ ಎಂದು ನೆನಪಿಸುವ ಆಸೆಯನ್ನು ಬಹಳ ಕಷ್ಟಪಟ್ಟು ತಡೆದುಕೊಳ್ಳುತ್ತಿದ್ದೇನೆ.

ಸೊಂಟದ ಸಂಗಡ:

ತಡೆದುಕೊಂಡ ಹಾಗೆ ಕಾಣುತ್ತಿಲ್ಲ.

ನೆಲ ಬಿಡದವನು:

ಒಂದು ಸಣ್ಣ ಪ್ರಶ್ನೆ. ನನಗೂ ಸೊಂಟದ ಸವೆತ ಇದೆ, ಹೇಳಿರಲಿಲ್ಲ. ಮೊಮ್ಮಗಳು ಜೈಂಟ್ ವೀಲಿಗೆ ಕರೆಯುತ್ತಿದ್ದಾಳೆ. ಅದು ಅಲುಗುತ್ತದೆಯೇ?

ನಾಲ್ಕು ತಿರುಪು:

ಗಾಳಿಗೆ ತುಸು ತೂಗುತ್ತದೆ, ಕುಲುಕುವುದಿಲ್ಲ. ಹತ್ತಲು ತೊಟ್ಟಿಲು ಪೂರ್ತಿ ನಿಲ್ಲಿಸುತ್ತಾರೆಯೋ, ನಡೆಯುತ್ತಿರುವಾಗಲೇ ಹತ್ತಬೇಕೋ ಎಂದು ಮೊದಲೇ ಕೇಳಿಕೊಳ್ಳಿ. ನಿಲ್ಲಿಸಿ ಎಂದರೆ ಕೆಲವು ಕಡೆ ನಿಲ್ಲಿಸುತ್ತಾರೆ. ಮೊಮ್ಮಗಳನ್ನು ಮೊದಲು ಹತ್ತಿಸಬೇಡಿ, ನೀವು ಹತ್ತಿ ಕೂತ ಮೇಲೆ ಅವಳು ಬರಲಿ. ಎತ್ತಿಕೊಳ್ಳಲು ಹೋಗಬೇಡಿ.